ಬುಧವಾರದ ಬ್ರೆಡ್ಡು

ನಮ್ಮೂರಿನಲ್ಲಿ ಬುಧವಾರ ಬೆಂಕಿ ಹತ್ತುವುದಿಲ್ಲ. ಸೂರ್ಯ ಹುಟ್ಟುತ್ತಿದ್ದಂತೆ ಒಲೆಯ ಕೆಂಡಗಳೆಲ್ಲ ಒಟ್ಟಿಗೇ ಬೂದಿಯಾಗುತ್ತವೆ. ಕಡ್ಡಿ ಗೀರಿದರೆ ಮದ್ದಿನ ವಾಸನೆ ಬರುತ್ತದೆಯೇ ಹೊರತು ಕಿಡಿ ಬರುವುದಿಲ್ಲ. ಕರೆಂಟಿನ ಒಲೆ ತಂದು ನೋಡಿದವರೂ ಇದ್ದಾರೆ. ತಂತಿ ಕೆಂಪಗಾಗುತ್ತದೆ, ಮೇಲಿಟ್ಟ ನೀರು ಮಾತ್ರ ಕೆರೆಯ ನೀರಿನಷ್ಟೇ ತಣ್ಣಗಿರುತ್ತದೆ. ಬಸ್ಸು ಊರಂಚಿನ ಸೇತುವೆಯ ಆಚೆಗೇ ನಿಲ್ಲುತ್ತದೆ, ಇಳಿದವರು ನಡೆದು ಬರುತ್ತಾರೆ. ಗುರುವಾರ ಸೂರ್ಯ ಕಂಡ ಮೇಲೆ ಎಲ್ಲ ಮೊದಲಿನಂತೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದು ಯಾಕೆ ಹೀಗೆ ಎಂದು ಕೇಳಿದ್ದೆ. ಅತ್ತೆ ಸಣ್ಣಮ್ಮ ಹಿಂದಿನ ದಿನದ ಅನ್ನಕ್ಕೆ ಮೊಸರು ಕಲಸುತ್ತಿದ್ದವರು ತಲೆ ಎತ್ತದೆ, "ನಿಮ್ಮೂರಲ್ಲಿ ಭಾನುವಾರ ಕಚೇರಿ ಯಾಕೆ ಮುಚ್ಚುತ್ತೆ?" ಎಂದಿದ್ದರು. ಆಮೇಲೆ ನಾನು ಕೇಳಲಿಲ್ಲ.

ಊರು ಅದಕ್ಕೆ ಹೊಂದಿಕೊಂಡಿದೆ. ಮಂಗಳವಾರ ಸಂಜೆ ಮನೆಮನೆಯಲ್ಲೂ ಎರಡು ಪಾಲು ಅಡುಗೆ. ಬುಧವಾರ ದೇವರ ಮುಂದಿನ ದೀಪದಲ್ಲಿ ಬತ್ತಿಯ ಬದಲು ಒಂದು ಕೆಂಪು ದಾಸವಾಳ ಇಡುತ್ತಾರೆ. ಬಾಣಂತಿಯರಿಗೆ ಆ ದಿನ ನೀರು ಹಾಕುವುದಿಲ್ಲ. ಬಸ್ ನಿಲ್ದಾಣದ ಓಬಳೇಶಿ ಚಹಾದ ಪಾತ್ರೆಯನ್ನು ಬೋರಲು ಹಾಕಿ ನಿಂಬೆಹಣ್ಣಿನ ಪಾನಕ ಮಾರುತ್ತಾನೆ. ಬೆಳಗಿನ ಚಹಾ ಸಿಗದ ಗಂಡಸರು ಮಧ್ಯಾಹ್ನದವರೆಗೆ ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ, ಹಾಗಾಗಿ ಹೆಣ್ಣು ಕೇಳುವುದು, ಜಮೀನಿನ ಮಾತು, ಪಂಚಾಯಿತಿ ಇಂಥವನ್ನು ಯಾರೂ ಬುಧವಾರ ಇಟ್ಟುಕೊಳ್ಳುವುದಿಲ್ಲ.

ರಾಗಿ, ಅಕ್ಕಿ ತಿನ್ನುವ ಈ ಊರಿನಲ್ಲಿ ಬ್ರೆಡ್ಡು ಬೇರೂರಿದ್ದು ಕೂಡ ಈ ಬುಧವಾರದ ದೆಸೆಯಿಂದಲೇ. ನನ್ನ ಮಾವ ಕೆಂಚಣ್ಣ ಎಳೆಯ ವಯಸ್ಸಿನಲ್ಲಿ ಯಾವುದೋ ದೊಡ್ಡ ಊರಿನ ಬೇಕರಿಯಲ್ಲಿ ಕೆಲಸ ಕಲಿತು ಬಂದವರು. ಮನೆಯ ಹಿಂದೆ ತಾವೇ ಇಟ್ಟಿಗೆ ಜೋಡಿಸಿ ಬ್ರೆಡ್ಡು ಬೇಯಿಸುವ ಗೂಡು ಕಟ್ಟಿದರು, ಬಸ್ ನಿಲ್ದಾಣದ ಎದುರಿಗಿದ್ದ ಮುಂದಿನ ಕೋಣೆಯನ್ನು ಅಂಗಡಿ ಮಾಡಿದರು. ಮಂಗಳವಾರ ಅವರಿಗೆ ದೊಡ್ಡ ದಿನ. ಮರುದಿನ ಇಡೀ ಊರಿಗೆ ಸಾಲುವಷ್ಟು ಬ್ರೆಡ್ಡು ಬೇಯಬೇಕು. ಬುಧವಾರ ಬೆಳಿಗ್ಗೆ ಅವರದು ಇನ್ನೊಂದು ಕೆಲಸ. ಹಿಂದಿನ ದಿನವೆಲ್ಲ ಉರಿದ ಗೂಡು ಸೂರ್ಯ ಹುಟ್ಟುತ್ತಲೇ ಬಾವಿಯ ಕಲ್ಲಿನ ಹಾಗೆ ತಣ್ಣಗಾಗಿಬಿಡುತ್ತಿತ್ತಲ್ಲ, ಅವರು ಪೊರಕೆ ಹಿಡಿದು ಅದರೊಳಕ್ಕೆ ತೆವಳಿಕೊಂಡು ಹೋಗಿ ಮಸಿ ಗುಡಿಸುತ್ತಿದ್ದರು. ಕರ್ರಗಾಗಿ ಹೊರಬಂದು, ತಣ್ಣೀರು ಸುರಿದುಕೊಂಡು, ಬಿಳಿ ಅಂಗಿ ತೊಟ್ಟು ಅಂಗಡಿಯ ಬಾಗಿಲು ತೆಗೆಯುತ್ತಿದ್ದರು.

ಬ್ರೆಡ್ಡಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಬೆಣ್ಣೆ ಸವರಬಹುದು, ಮೇಲೆ ಸಕ್ಕರೆ ಉದುರಿಸಬಹುದು, ಅಷ್ಟೇ. ಅತ್ತೆಗೆ ಅದು ಒಪ್ಪಿಗೆಯಿರಲಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಕೂತು ಎರಡು ಚೂರಿನ ನಡುವೆ ಚಟ್ನಿಪುಡಿ, ಮೊಸರು ಹಾಕಿಕೊಂಡು ತಿನ್ನುತ್ತಿದ್ದರು. ಮಾವ ಕಂಡರೆ ಮಾತು ಶುರುವಾಗುತ್ತಿತ್ತು.

"ಹೀಗೆ ಒಳಗೆ ಏನಾದ್ರೂ ಹಾಕಿ ಮಾರಿದ್ರೆ ಬುಧವಾರ ಜನಕ್ಕೆ ಒಂದು ಊಟವೇ ಆಗುತ್ತಲ್ಲ" ಎನ್ನುತ್ತಿದ್ದರು ಅತ್ತೆ.

"ನನ್ನ ಬ್ರೆಡ್ಡೇನು ಚೀಲವಾ, ಸಿಕ್ಕಿದ್ದೆಲ್ಲಾ ತುಂಬೋಕೆ?"

"ತಿನ್ನೋರ ಬಾಯಿಗೆ ರುಚಿ ಬೇಡ್ವಾ?"

"ರುಚಿ ಬೇಕಾದೋರು ಅಗಿದು ತಿನ್ನಲಿ. ಅಗಿಯೋ ತಾಳ್ಮೆ ಇಲ್ದೋರಿಗೆ ನಾನ್ಯಾಕೆ ಬೇಯಿಸ್ಲಿ?"

ಇದು ಜಗಳವಲ್ಲ. ಎಷ್ಟು ಸಲ ಆಡಿದರೂ ಇಬ್ಬರಿಗೂ ಬೇಸರವಾಗದಿದ್ದ ಮಾತು. ನನ್ನ ಗಂಡ ಶಂಭು ಅಪ್ಪನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ. ಸೌದೆ ಸೀಳುವುದು, ಹಿಟ್ಟು ನಾದುವುದು, ತಟ್ಟೆ ತೆಗೆಯುವುದು ಎಲ್ಲ ಅವನದೇ. ಆದರೆ ಮಂಗಳವಾರದ ಹಿಟ್ಟಿಗೆ ಮಾತ್ರ ಮಾವ ಅವನ ಕೈ ಸೇರಿಸುತ್ತಿರಲಿಲ್ಲ. ಅದು ಮರುದಿನ ಸಂಜೆಯವರೆಗೂ ಮೆತ್ತಗಿರಬೇಕು, ಅದರ ಹದ ಬೇರೆ. "ಹೇಳ್ಕೊಡ್ತೀನಿ ಬಿಡು, ನಿಂಗೇನು ವಯಸ್ಸಾಗೋಯ್ತಾ" ಎನ್ನುತ್ತಿದ್ದರು. ತಮಗೆ ಆಗಿದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಅದು ನಡುಬೇಸಿಗೆಯ ಬುಧವಾರ. ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ನಾನು ಎಂದಿನಂತೆ ಒಂದು ಲೋಟ ಮಜ್ಜಿಗೆ ಹಿಡಿದು ಗೂಡಿನ ಕೋಣೆಗೆ ಹೋದೆ. ಮಾವ ಗೂಡಿನ ಬಾಯಿಗೆ ಒರಗಿ ಕೂತಿದ್ದರು. ಪೊರಕೆ ತೊಡೆಯ ಮೇಲಿತ್ತು, ಮೀಸೆಯ ಮೇಲೆ ಮಸಿ ಕೂತಿತ್ತು. ಕೆಲಸ ಮುಗಿಸಿ ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. "ಮಾವ, ಮಜ್ಜಿಗೆ" ಎಂದೆ. ಲೋಟವನ್ನು ಪಕ್ಕದಲ್ಲಿಟ್ಟು ಭುಜ ಮುಟ್ಟಿದೆ. ಇಟ್ಟಿಗೆ ತಣ್ಣಗಿತ್ತು, ಅವರೂ ತಣ್ಣಗಿದ್ದರು. ಬುಧವಾರ ಆ ಕೋಣೆಯಲ್ಲಿ ಎಲ್ಲವೂ ತಣ್ಣಗಿರುವುದೇ ರೂಢಿ. ಆದ್ದರಿಂದ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಬುಧವಾರ ಸತ್ತರೆ ಊರಿನವರು ಅದನ್ನು ಕಾಯುವ ಸಾವು ಎನ್ನುತ್ತಾರೆ. ಚಿತೆಗೆ ಬೆಂಕಿ ಸಿಗುವುದು ಮರುದಿನ ಸೂರ್ಯ ಬಂದ ಮೇಲೆಯೇ. ಅಲ್ಲಿಯವರೆಗೆ ಹೆಣವನ್ನೂ ಮನೆಯವರನ್ನೂ ಬಿಟ್ಟು ಬಂದವರು ಯಾರೂ ಹೊರಟುಹೋಗುವಂತಿಲ್ಲ. ಮಾವನನ್ನು ಪಡಸಾಲೆಯಲ್ಲಿ ಮಲಗಿಸಿದೆವು. ತಲೆಯ ಹತ್ತಿರ ದೀಪ ಇಡಬೇಕಾದಲ್ಲಿ ದಾಸವಾಳ ಇಟ್ಟೆವು. ಪಕ್ಕದ ಮನೆಯ ಜುಬೇದಮ್ಮ ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಕಿಟಕಿಗಳಿಗೆ ಇಳಿಬಿಟ್ಟಳು. ಸುದ್ದಿ ಸೇತುವೆ ದಾಟಿತು. ಅವರ ಬ್ರೆಡ್ಡು ತಿನ್ನದವರು ಸುತ್ತಲಲ್ಲಿ ಯಾರಿದ್ದರು? ಬಿಸಿಲೇರುವ ಹೊತ್ತಿಗೆ ಪಡಸಾಲೆ ತುಂಬಿ, ಜಗಲಿ ತುಂಬಿ, ಬೀದಿಯ ಹೊಂಗೆ ಮರದ ನೆರಳೂ ತುಂಬಿತ್ತು.

ಶಂಭು ಅಳಲಿಲ್ಲ. ಒಂದು ಕಡೆ ನಿಲ್ಲಲೂ ಇಲ್ಲ. ಬೀದಿಯಲ್ಲಿ ಇಂಥ ಕಾರ್ಯಗಳನ್ನು ನಡೆಸಿಕೊಡುತ್ತಿದ್ದ ಹಿರಿಯರು ಪರ್ವತಯ್ಯ. ಅವರ ಎದುರು ಹೋಗಿ ನಿಂತು, "ಸೇತುವೆ ಆಚೆಗೆ ಒಯ್ದುಬಿಡೋಣ. ಅಲ್ಲಿ ಬೆಂಕಿ ಇದೆ. ಇವತ್ತೇ ಮುಗಿಸಿಬಿಡೋಣ" ಎಂದ.

"ಒಯ್ಯಬಹುದು. ಹಿಂದೆ ಒಯ್ದೋರೂ ಇದ್ದಾರೆ. ನಿಮ್ಮಮ್ಮನ್ನ ಒಂದು ಮಾತು ಕೇಳು" ಎಂದರು ಪರ್ವತಯ್ಯ.

ಅತ್ತೆ ಮಾವನ ತಲೆಯ ಹತ್ತಿರ ಕೂತು ಒದ್ದೆ ಬಟ್ಟೆಯಿಂದ ಮೀಸೆಯ ಮಸಿ ಒರೆಸುತ್ತಿದ್ದರು. "ಊರು ಬಿಟ್ಟು ಸುಡೋಕೆ ಅವರು ಏನು ತಪ್ಪು ಮಾಡಿದ್ರು? ಒಂದು ದಿನ ತಾನೇ. ಕಾಯೋಣ" ಎಂದರು.

"ಈ ಬಿಸಿಲಲ್ಲಾ?"

"ಕಾಯೋಣ ಕಣಪ್ಪ."

ಅವನು ಮಚ್ಚು ತೆಗೆದುಕೊಂಡು ಚಟ್ಟಕ್ಕೆ ಬಿದಿರು ಕಡಿಯಲು ಹೊರಟುಹೋದ. ಕೇಳಿದ್ದು ಸುಮ್ಮನೆ, ಸೇತುವೆ ದಾಟಿಸಲು ಅವನು ಮನಸ್ಸು ಮಾಡಿಯಾಗಿದೆ ಎಂದು ನನಗೆ ಅನಿಸಿತು.

ಮಧ್ಯಾಹ್ನ ದಾಟಿತು. ಬೇರೆ ದಿನವಾಗಿದ್ದರೆ ಸಾವಿನ ಮನೆಯ ಒಲೆ ಆರಿದರೂ ಬೀದಿಯವರ ಒಲೆ ಉರಿಯುತ್ತಿತ್ತು, ಯಾರಾದರೂ ಒಂದು ಹಂಡೆ ಅನ್ನ ಇಳಿಸುತ್ತಿದ್ದರು. ಬುಧವಾರ ಯಾರ ಮನೆಯಲ್ಲೂ ಅವರವರಿಗೆ ಮಾಡಿಟ್ಟುಕೊಂಡಿದ್ದಕ್ಕಿಂತ ಹೆಚ್ಚಿರುವುದಿಲ್ಲ. ಸೇತುವೆಯಿಂದ ನಡೆದು ಬಂದವರ ಮುಖ ಬಾಡಿತ್ತು. ಓಬಳೇಶಿ ತಂದಿಟ್ಟ ಪಾನಕ ಖಾಲಿಯಾಗಿತ್ತು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದುಕಿ ಗೋಡೆಗೆ ಒರಗಿದವಳು ಹಾಗೇ ಪಕ್ಕಕ್ಕೆ ವಾಲಿದಳು. ಜುಬೇದಮ್ಮ ನೀರು ಚಿಮುಕಿಸಿ ಎಬ್ಬಿಸಿದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣವ್ವಾ" ಎಂದಳು ಮುದುಕಿ, ತಪ್ಪು ಮಾಡಿದವಳ ಹಾಗೆ.

ಅತ್ತೆ ಆ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ವಾರಿಜಾ, ಅಂಗಡೀಲಿ ಬ್ರೆಡ್ಡು?"

"ಎಲ್ಲಾ ಹಾಗೇ ಇದೆ ಅತ್ತೆ. ಬಾಗಿಲೇ ತೆಗೆದಿಲ್ಲವಲ್ಲ."

"ತಗೊಂಡು ಬಾ."

ಪರ್ವತಯ್ಯ ಮೆಲ್ಲಗೆ ಅಡ್ಡ ಬಂದರು. "ಸಣ್ಣಮ್ಮ, ಸೂತಕದ ಮನೇದು ಯಾರೂ ಬಾಯಿಗಿಡಲ್ಲ. ನಿಂಗೆ ಗೊತ್ತಿಲ್ದೇ ಇರೋದಲ್ಲ."

"ಸೂತಕ ಹತ್ತಿದ್ದು ಇವತ್ತು ಬೆಳಿಗ್ಗೆ. ಬ್ರೆಡ್ಡು ಬೆಂದಿದ್ದು ನಿನ್ನೆ. ಬೇಯಿಸಿದೋರು ಆಗ ಚೆನ್ನಾಗೇ ಇದ್ರು" ಎಂದರು ಅತ್ತೆ. ದನಿ ಏರಿಸಲಿಲ್ಲ. "ಒಳಗೆ ಹಾಕೋಕೆ ನಮ್ಮನೇದು ಏನೂ ಬೇಡ. ನಿಮ್ಮ ನಿಮ್ಮ ಮನೇಲಿ ಬೆಂಕಿ ಕಾಣದ್ದು ಏನಿದ್ಯೋ ತನ್ನಿ."

ಪರ್ವತಯ್ಯ ಶಲ್ಯದಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದರು.

ಮೊದಲು ಎದ್ದವಳು ಜುಬೇದಮ್ಮ. ಅವಳ ಮನೆಯಲ್ಲಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಹಾಕಿದ್ದ ಗಟ್ಟಿ ಮೊಸರಿತ್ತು, ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ ಪುದೀನವಿತ್ತು. ಯಾರೋ ತೋತಾಪುರಿ ಮಾವಿನಕಾಯಿ ತಂದರು, ಯಾರೋ ಎಳೆ ಸೌತೆಕಾಯಿ ತಂದರು. ಓಬಳೇಶಿಯ ಹೆಂಡತಿ ಸೆರಗಿನಲ್ಲಿ ಮುಚ್ಚಿಕೊಂಡು ಬೆಣ್ಣೆಯ ಉಂಡೆ ತಂದಳು. ಕಡಲೆಕಾಯಿ ಚಟ್ನಿಪುಡಿಯೂ ಮೊಸರಿನ ಹಾಲೂ ಮಾತ್ರ ಹಿಂದಿನ ದಿನ ಬೆಂಕಿ ಕಂಡಿದ್ದವು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ನಾವು ಜುಬೇದಮ್ಮನ ಜಗಲಿಯ ಮೇಲೆ ಕೂತೆವು. ಪುದೀನ, ಹಸಿಮೆಣಸಿನಕಾಯಿ ಜಜ್ಜಿ ಮೊಸರಿಗೆ ಬೆರೆಸಿದೆವು. ನಾನು ಬ್ರೆಡ್ಡು ಕತ್ತರಿಸಿದೆ. ಅತ್ತೆ ನಮ್ಮ ಹೊಸ್ತಿಲಲ್ಲಿ, ಒಂದು ಕಣ್ಣು ಒಳಗೆ ಒಂದು ಕಣ್ಣು ಹೊರಗೆ ಇಟ್ಟುಕೊಂಡು ಕೂತು ಹೇಳುತ್ತಿದ್ದರು. "ಬೆಣ್ಣೆ ಅಂಚಿನವರೆಗೂ ಸವರು, ಇಲ್ದಿದ್ರೆ ಮೊಸರಿಗೆ ನೆನೆದು ಹರಿಯುತ್ತೆ. ಪುಡಿ ಮೊಸರಿನ ಮೇಲಲ್ಲ, ಬೆಣ್ಣೆ ಮೇಲೆ. ಮಾವಿನಕಾಯಿ ಹೆಚ್ಚಬೇಡ, ತುರಿ. ಸೌತೆಕಾಯಿ ಕೊನೆಗೆ." ಒಂದು ಸಲವೂ ಯೋಚಿಸಲು ನಿಲ್ಲಲಿಲ್ಲ. ಎಷ್ಟೋ ವರ್ಷದಿಂದ ಅವರ ತಲೆಯಲ್ಲಿ ಇದು ತಯಾರಾಗಿಯೇ ಕೂತಿತ್ತು ಎಂದು ನನಗೆ ಅಂದು ಗೊತ್ತಾಯಿತು.

ಮೊರದಲ್ಲಿ ಬಾಳೆಲೆ ಹಾಸಿ ಜೋಡಿಸಿ ಜನರ ಮುಂದೆ ತಂದಿಟ್ಟರೆ ಒಬ್ಬರೂ ಕೈ ಚಾಚಲಿಲ್ಲ. ಹಸಿದ ಕಣ್ಣುಗಳೆಲ್ಲ ಪರ್ವತಯ್ಯನ ಕಡೆ ತಿರುಗಿದವು, ಅವರು ಹೊಂಗೆ ಮರದ ಕಡೆ ನೋಡಿದರು. ಆಗ ಓಬಳೇಶಿ ಎದ್ದು ಬಂದ. ಮಾವ ಮತ್ತು ಅವನು ಎದುರು ಬದುರು ಅಂಗಡಿಯವರು. ಚಹಾಕ್ಕೆ ಬ್ರೆಡ್ಡು ಅದ್ದಿ ತಿಂದರೆ ಚಹಾ ಕೆಡುತ್ತದೋ ಬ್ರೆಡ್ಡು ಕೆಡುತ್ತದೋ ಎಂದು ದಿನವೂ ವಾದ ಮಾಡಿಕೊಂಡೇ ಮುದುಕರಾಗಿದ್ದವರು. ಅವನು ಒಂದು ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ನಿಧಾನವಾಗಿ ಪೂರ್ತಿ ತಿಂದ. ಬೆರಳು ನೆಕ್ಕಿದ.

"ಹೇಗಿದೆ?" ಎಂದರು ಅತ್ತೆ.

"ಕೆಂಚಣ್ಣ ಎದ್ದು ನೋಡಿದ್ರೆ ನಮ್ಮನ್ನೆಲ್ಲ ಆಚೆಗೆ ಅಟ್ಟೋನು" ಎಂದ. ಅವನ ಕಣ್ಣು ತುಂಬಿತ್ತು, ಖಾರಕ್ಕೋ ಏನೋ. "ಇನ್ನೊಂದು ಕೊಡಿ."

ಯಾರೋ ನಕ್ಕರು. ಆಮೇಲೆ ಕೈಗಳು ಬಂದವು. ತಲೆ ತಿರುಗಿದ್ದ ಮುದುಕಿಗೆ ನಾನೇ ಚೂರು ಮಾಡಿ ಕೊಟ್ಟೆ. ಪರ್ವತಯ್ಯ ಒಂದನ್ನು ಎಲೆಯಲ್ಲಿ ಮುಚ್ಚಿಕೊಂಡು ಮರದ ಹಿಂದಕ್ಕೆ ಹೋದರು. ತಿಂದವರಿಗೆ ಮಾತು ಬಂತು. ಮಾವ ಯಾರ ಮದುವೆಗೆ ಬಿಸಿ ಬ್ರೆಡ್ಡಿನ ಬುಟ್ಟಿ ಹೊತ್ತುಕೊಂಡು ಬಂದಿದ್ದರು, ಯಾರ ಮಗುವಿಗೆ ಹಲ್ಲು ಬಂದಾಗ ಒಣ ತುಂಡು ಕೊಟ್ಟಿದ್ದರು, ಬಿಳಿ ಅಂಗಿಯ ಮೇಲೆ ಒಂದು ಮಸಿ ಬೊಟ್ಟು ಬಿದ್ದರೆ ಹೇಗೆ ಒದ್ದಾಡುತ್ತಿದ್ದರು ಎಂದು ಒಬ್ಬೊಬ್ಬರೂ ಹೇಳುತ್ತಾ ಹೋದರು.

ಶಂಭು ಬಿದಿರು ಹೊತ್ತು ಬಂದದ್ದು ಆಗ. ಬೀದಿಯ ತುದಿಯಲ್ಲೇ ನಿಂತು ನೋಡಿದ. ಬಿದಿರನ್ನು ದೊಪ್ಪನೆ ಹಾಕಿ, "ಅಪ್ಪನ್ನ ಮಲಗಿಸಿಕೊಂಡು ಸಂತೆ ಮಾಡ್ತಿದ್ದೀರಾ?" ಎಂದ. ಅಗಿಯುತ್ತಿದ್ದವರ ಬಾಯಿ ಹಾಗೇ ನಿಂತಿತು. ಅವನು ನೇರ ಅಂಗಡಿಯೊಳಗೆ ಹೋದ. ನಾನು ಕೈ ಒರೆಸಿಕೊಂಡು ಹಿಂದೆಯೇ ಹೋದೆ.

ಅಂಗಡಿಯ ಹಲಗೆಗಳು ಬಹುತೇಕ ಬರಿದಾಗಿದ್ದವು. ಉಳಿದಿದ್ದ ಬ್ರೆಡ್ಡುಗಳನ್ನೆಲ್ಲ ಎರಡೂ ತೋಳುಗಳಲ್ಲಿ ತಬ್ಬಿಕೊಂಡು ಅವನು ಗೋಡೆಗೆ ಆತು ನಿಂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ.

"ಎಷ್ಟು ಬೇಗ ಮುಗೀತಿದೆ ನೋಡು ವಾರಿಜಾ" ಎಂದ. "ಇದು ಮುಗಿದ್ರೆ ಅಪ್ಪ ಕೈಯಾರೆ ಮಾಡಿದ್ದು ಏನೂ ಇರಲ್ಲ. ಮಂಗಳವಾರದ ಹಿಟ್ಟು ನಂಗೆ ಹೇಳ್ಕೊಡಲೇ ಇಲ್ಲ ಅವ್ರು."

ಬೆಳಿಗ್ಗೆಯಿಂದ ಅವನು ಸೇತುವೆ, ಬೆಂಕಿ ಎಂದು ಓಡಾಡಿದ್ದೆಲ್ಲ ಇದರಿಂದ ದೂರ ಇರಲು ಎಂದು ನನಗೆ ಅನಿಸಿತು. ಅಷ್ಟರಲ್ಲಿ ಅತ್ತೆ ಬಂದರು. ಮಗನ ಕೈಯಿಂದ ಬ್ರೆಡ್ಡು ಕಿತ್ತುಕೊಳ್ಳಲಿಲ್ಲ. ಎದುರು ಬಂದು ನಿಂತರು.

"ಇಟ್ಕೊ" ಎಂದರು. "ಎಷ್ಟು ದಿನ ಇಟ್ಕೋತೀಯ? ನಾಳಿದ್ದಕ್ಕೆ ಬೂಷ್ಟು ಹಿಡಿಯುತ್ತೆ. ಆಮೇಲೆ ನೀನೇ ಎತ್ತಿ ಬಿಸಾಕಬೇಕು. ಅದು ನಿನ್ನ ಕೈಲಿ ಆಗುತ್ತಾ?"

ಅವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ನಂಗೇನು ಖುಷೀನಾ? ಅವಳು ಒಂದೊಂದು ಚೂರು ಕತ್ತರಿಸುವಾಗ್ಲೂ ನೋಡ್ತಾ ಕೂತಿದ್ದೀನಿ. ಸುಮ್ನೆ ಕೂತ್ರೆ ನಾನೂ ಅವರ ಪಕ್ಕ ತಣ್ಣಗಾಗೋಗ್ತೀನಿ ಅನ್ನಿಸ್ತು. ಅದಕ್ಕೇ ಈ ಕೆಲಸ ಹಚ್ಚಿದ್ದು." ಅತ್ತೆ ಅವನ ತೋಳಿನ ಮೇಲೆ ಕೈ ಇಟ್ಟರು. "ಅವ್ರು ಇದನ್ನ ಇಟ್ಕೊಳ್ಳೋಕೆ ಬೇಯಿಸ್ಲಿಲ್ಲ ಕಣೋ."

ಶಂಭು ಆಗ ಅತ್ತ. ಎಷ್ಟೋ ಹೊತ್ತಾದ ಮೇಲೆ ಒಂದೊಂದಾಗಿ ಬ್ರೆಡ್ಡುಗಳನ್ನು ನನ್ನ ಕೈಗೆ ಕೊಟ್ಟ. ಒಂದನ್ನು ಮಾತ್ರ ಉಳಿಸಿಕೊಂಡು, ಅಲ್ಲೇ ನಿಂತು, ಒಳಗೆ ಏನೂ ಹಾಕದೆ, ಬೆಣ್ಣೆಯನ್ನೂ ಸವರದೆ, ಮುರಿದು ಮುರಿದು ತಿಂದ. ಬಹಳ ಹೊತ್ತು ಅಗಿದ. ಹೊರಗೆ ಹೋಗಿ ಬಿದಿರನ್ನು ಗೋಡೆಗೆ ಒರಗಿಸಿಟ್ಟು ಜನರ ನಡುವೆ ಕೂತ. ಸೇತುವೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಬೆಳಗಿನವರೆಗೂ ಜನ ಏಳಲಿಲ್ಲ. ನಸುಕಿನಲ್ಲಿ ಹೊಳೆದಂಡೆಯಲ್ಲಿ ಸೌದೆ ಒಟ್ಟಿ ಮೂಡಣದ ಕಡೆ ಮುಖ ಮಾಡಿ ನಿಂತೆವು. ಸೂರ್ಯನ ಅಂಚು ಕಾಣುತ್ತಲೇ ಪರ್ವತಯ್ಯ ಕಡ್ಡಿ ಗೀರಿದರು, ಅದು ಹತ್ತಿತು. ಶಂಭು ಚಿತೆಗೆ ಬೆಂಕಿ ಇಟ್ಟ. ಹಿಂದಿರುಗಿ ನೋಡಿದರೆ ಊರಿನ ಒಂದೊಂದು ಮನೆಯ ಮೇಲೂ ಹೊಗೆ ಏಳುತ್ತಿತ್ತು. ಪ್ರತಿ ಗುರುವಾರವೂ ಏಳುವ ಹೊಗೆಯೇ. ಆವತ್ತು ಮಾತ್ರ ಚಿತೆಯದು ಯಾವುದು, ಒಲೆಯದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ.

ತಿಥಿ ಕಳೆದ ಮೇಲೆ ಶಂಭು ಅಂಗಡಿ ತೆಗೆದ. ಮಂಗಳವಾರದ ಹಿಟ್ಟನ್ನು ಊಹೆಯ ಮೇಲೆ ಕಲಸಿದ. ಬುಧವಾರ ಬೆಳಿಗ್ಗೆ ಅದು ಗಟ್ಟಿಯಾಗಿ, ಮುರಿದರೆ ಪುಡಿ ಉದುರುತ್ತಿತ್ತು. ಜನ ಏನೂ ಅನ್ನದೆ ಕೊಂಡು ಹೋದರು. ಅವರು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ನೀರು ಹೆಚ್ಚು ಮಾಡಿದ, ಹಾಲು ಸೇರಿಸಿದ, ರಾತ್ರಿಯೇ ಕಲಸಿಟ್ಟ. ಒಂದು ವಾರ ರಬ್ಬರಾಯಿತು, ಒಂದು ವಾರ ಹುಳಿಯಾಯಿತು. ಈ ನಡುವೆ ಒಬ್ಬೊಬ್ಬರಾಗಿ ಬಂದು, "ಆವತ್ತು ತಿಂದ್ವಲ್ಲ, ಅದು ಇದ್ಯಾ?" ಎಂದು ತಗ್ಗಿದ ದನಿಯಲ್ಲಿ ಕೇಳತೊಡಗಿದರು.

"ಅದು ಮಾರೋದಲ್ಲ" ಎನ್ನುತ್ತಿದ್ದ ಶಂಭು.

ಕೊನೆಗೆ ಜುಬೇದಮ್ಮನೇ ಒಂದು ಬುಧವಾರ ಕಟ್ಟಿದ ಮೊಸರಿನ ಗಂಟು ತಂದು ಅಂಗಡಿಯ ಹಲಗೆಯ ಮೇಲೆ ಇಟ್ಟಳು. "ಬೇಜಾರು ಮಾಡ್ಕೋಬೇಡ ಕಣಪ್ಪ. ನಿನ್ನ ಬ್ರೆಡ್ಡು ಗಟ್ಟಿ ಇದೆ. ಇದು ಹಾಕಿದ್ರೆ ಮೆತ್ತಗಾಗುತ್ತೆ. ನಮ್ಮತ್ತೆಗೆ ಹಲ್ಲಿಲ್ಲ, ಅವರಿಗೋಸ್ಕರನಾದ್ರೂ ಮಾಡು" ಎಂದಳು. ಅಪ್ಪ ಹೋದ ಮೇಲೆ ಶಂಭು ಮೊದಲ ಸಲ ನಕ್ಕ. ಹಾಗೆ ಶುರುವಾಯಿತು. ಈಗ ಕೇಳುವವರಿಗೆ ನಾವು ಏನೇನೋ ಹೇಳುವುದುಂಟು, ನಿಜ ಹೇಳಬೇಕೆಂದರೆ ನಮ್ಮ ಅಂಗಡಿಯ ಹೆಸರುವಾಸಿ ಸ್ಯಾಂಡ್‌ವಿಚ್ಚು ಮಾರಾಟಕ್ಕೆ ಬಂದದ್ದು ನನ್ನ ಗಂಡನ ಬ್ರೆಡ್ಡು ಕೆಟ್ಟಿದ್ದರಿಂದ. ಅವನ ಕೈಗೆ ಒಂದು ಹದ ದಕ್ಕಿದ್ದು ಆಮೇಲೆ, ಅದೂ ಮಾವನ ಹದವಲ್ಲ, ಅವನದೇ. ಆ ಹೊತ್ತಿಗೆ ಬರೀ ಬ್ರೆಡ್ಡು ಕೇಳುವವರು ಕಡಿಮೆಯಾಗಿದ್ದರು. ಗುರುವಾರ ಬಂದು ಕಾವಲಿಯ ಮೇಲೆ ಬಿಸಿ ಮಾಡಿಕೊಡಿ ಎನ್ನುವವರಿದ್ದಾರೆ. ನಾವು ಮಾಡುವುದಿಲ್ಲ. ಅದನ್ನು ತಣ್ಣಗೇ ತಿನ್ನಬೇಕು.

ಹೆಸರು ಜನರೇ ಇಟ್ಟರು. ಮೊದಮೊದಲು "ಕೆಂಚಣ್ಣನ ಮನೇಲಿ ತಿಂದಿದ್ದು" ಎನ್ನುತ್ತಿದ್ದರು. ಅದು ಸವೆದು "ಕೆಂಚಣ್ಣಂದು" ಆಯಿತು. ಇನ್ನೂ ಸವೆದು ಬರೀ "ಕೆಂಚಣ್ಣ" ಆಯಿತು. "ಎರಡು ಕೆಂಚಣ್ಣ ಕಟ್ಟಿ, ಒಂದಕ್ಕೆ ಖಾರ ಕಮ್ಮಿ" ಎಂದು ಮೊದಲ ಸಲ ಕೇಳಿದಾಗ ಶಂಭುವಿನ ಮುಖ ಸಣ್ಣಗಾಗಿತ್ತು. ಬ್ರೆಡ್ಡಿನೊಳಗೆ ಒಂದೆಲೆ ಪುದೀನವನ್ನೂ ಸೇರಿಸದಿದ್ದ ಮನುಷ್ಯನ ಹೆಸರು ಅದಕ್ಕೇ ಅಂಟಿಕೊಂಡಿತಲ್ಲ ಎಂದು. ಆಮೇಲೆ ಅವನಿಗೂ ಅಭ್ಯಾಸವಾಯಿತು.

ಕಷ್ಟವಾದದ್ದು ಅತ್ತೆಗೆ. ಮಾವ ಹೋದ ಮೇಲೆ ಅಂಗಡಿಯ ಮುಂದೆ ಅವರೇ ಕೂರುತ್ತಿದ್ದರು. ಗಿರಾಕಿ ಕೇಳಿದ್ದನ್ನು ಅವರು ಒಳಗೆ ಕೂಗಬೇಕು, ಒಳಗಿಂದ ನಾವು ಮಾಡಿಕೊಡಬೇಕು. ನಾನು ಶಂಭುವನ್ನು ಶಂಭು ಎಂದೇ ಕರೆಯುತ್ತೇನೆ. ಅವರ ಕಾಲದಲ್ಲಿ ಹಾಗಿರಲಿಲ್ಲ. ಮದುವೆಯಾದಾಗಿನಿಂದ ಅವರು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದವರಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದ ನನ್ನ ಕಡೆ ನೋಡುತ್ತಿದ್ದರು, ನಾನು ಹೇಳುತ್ತಿದ್ದೆ. ಅಂಗಡಿಯಲ್ಲೂ "ಮೊಸರಿಂದು ಎರಡು" ಎಂದೋ, "ಅದೇ, ಒಂದು" ಎಂದೋ ಕೂಗುತ್ತಿದ್ದರು. ಓಬಳೇಶಿ ಬೇಕೆಂದೇ, "ಅದೇ ಅಂದ್ರೆ ಯಾವ್ದಮ್ಮಾ?" ಎಂದು ಕೆಣಕುತ್ತಿದ್ದ.

ಒಂದು ದಿನ ಪಾತ್ರೆ ತೊಳೆಯುತ್ತಾ ಅವರು ತಾವಾಗಿಯೇ ಹೇಳಿದರು. "ಅವರು ಇದ್ದಾಗ ಆ ಹೆಸರು ಅಲ್ಲೊಂದು ಇಲ್ಲೊಂದು ಸಲ ಕಿವಿಗೆ ಬೀಳ್ತಿತ್ತು. ಈಗ ಬೆಳಿಗ್ಗೆಯಿಂದ ಬರೀ ಅದೇ."

"ಬೇಜಾರಾಗುತ್ತಾ ಅತ್ತೆ?"

ಲೋಟವೊಂದನ್ನು ತಿರುಗಿಸಿ ತಿರುಗಿಸಿ ಉಜ್ಜಿದರು. "ಗೊತ್ತಿಲ್ಲ ಕಣೇ. ಪ್ರತಿ ಸಲ ತಿರುಗಿ ನೋಡ್ತೀನಿ."

ಕಳೆದ ಚಳಿಗಾಲದ ಒಂದು ಬುಧವಾರ, ಸೇತುವೆಯಿಂದ ನಡೆದುಬಂದ ಒಬ್ಬ ಹೆಂಗಸು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಳು. ಬೇರೆ ಊರಿನವಳು, ಮಗಳ ಬಾಣಂತನಕ್ಕೆ ಬಂದವಳಂತೆ. ಬಗಲಲ್ಲಿ ಬಟ್ಟೆಯ ಗಂಟು. ನಾನು ಜುಬೇದಮ್ಮನ ಹಿತ್ತಲಿಗೆ ಪುದೀನ ಕೀಳಲು ಹೋಗಿದ್ದೆ. ಶಂಭು ಒಳಗೆ ಗುರುವಾರದ ಹಿಟ್ಟು ನಾದುತ್ತಿದ್ದ. ನಾನು ವಾಪಸು ಬರುವ ಹೊತ್ತಿಗೆ ಅವಳು ತಿಂದು ಮುಗಿಸಿ ನೀರು ಕುಡಿಯುತ್ತಿದ್ದಳು. ಗೋಡೆಯ ಈಚೆಗಿದ್ದ ನಾನು ಅವರಿಬ್ಬರಿಗೂ ಕಾಣುತ್ತಿರಲಿಲ್ಲ, ಅವರು ನನಗೆ ಕಾಣುತ್ತಿದ್ದರು.

"ಚೆನ್ನಾಗಿದೆ ಕಣ್ರೀ" ಎಂದಳು ಆಕೆ. "ಏನಂತಾರೆ ಇದಕ್ಕೆ? ನಮ್ಮೂರಲ್ಲಿ ಹೇಳ್ಬೇಕು."

ಅತ್ತೆ ಅಭ್ಯಾಸದಂತೆ ಪಕ್ಕಕ್ಕೆ ತಿರುಗಿ ನನ್ನನ್ನು ಹುಡುಕಿದರು. ನಾನು ಹೋಗಬಹುದಿತ್ತು. ಯಾಕೋ ಕಾಲು ಏಳಲಿಲ್ಲ. ಹೆಸರೇನೂ ಇಲ್ಲ ಎಂದು ಅವರು ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಕೆಂಚಯ್ಯ" ಎಂದರು.

ಊರಿಗೆಲ್ಲ ಅವರು ಕೆಂಚಣ್ಣ. ಅತ್ತೆಗೆ ಹೇಗೆ ಅಣ್ಣನಾಗುತ್ತಾರೆ? ಮದುವೆಯ ಕರೆಯೋಲೆಯಲ್ಲಿದ್ದ ಹೆಸರನ್ನು ಅವರು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರು.

ಆ ಹೆಂಗಸಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರಿ?"

"ಕೆಂಚಯ್ಯ. ನಮ್ಮ ಯಜಮಾನ್ರ ಹೆಸರು."

"ಓ. ಮಾಡೋದು ಅವ್ರೇನಾ?"

"ಇಲ್ಲ. ಅವರಿಗೆ ಇದು ಸೇರ್ತಿರ್ಲಿಲ್ಲ."

ಆ ಹೆಂಗಸು ನಕ್ಕಳು, ಅತ್ತೆಯೂ ನಕ್ಕರು. ನಗುತ್ತಾ ನಗುತ್ತಾ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಆಕೆ ಗಂಟು ಎತ್ತಿಕೊಂಡು ಎದ್ದು, ಮಗಳ ಗಂಡನಿಗೂ ಒಂದು ಕಟ್ಟಿಕೊಡಿ ಎಂದಳು. ಅತ್ತೆ ಒಳಬಾಗಿಲ ಕಡೆ ತಿರುಗಿದರು. ಒಂದು ಸಲ ಉಸಿರೆಳೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಶಂಭೂ, ಒಂದು ಕೆಂಚಯ್ಯ."

ಒಳಗೆ ಹಿಟ್ಟು ನಾದುವ ಸದ್ದು ನಿಂತಿತು. ಆಮೇಲೆ ಚಾಕು ಬ್ರೆಡ್ಡಿಗೆ ಇಳಿಯುವ ಸದ್ದು ಬಂತು.